ಮೊದಲು ದೋಣಿ ಎಣಿಸಿ, ಆಮೇಲೆ ಸಂಘ: ಎಂಟರ್‌ಪ್ರೈಸ್ ದೋಣಿಗಳ ಮಾಲೀಕರು ಒಟ್ಟುಗೂಡಿದ ಬಗೆ

ಹಾಯಿದೋಣಿಗೆ ಆರ್.ಸಿ. ಪುಸ್ತಕ ಇಲ್ಲ. ಸ್ಕೂಟರ್ ಕೊಂಡರೆ ಎಂಜಿನ್ ನಂಬರು, ಚಾಸಿ ನಂಬರು, ಹೆಸರು ವರ್ಗಾವಣೆ ಎಲ್ಲಕ್ಕೂ ಕಾಗದವಿರುತ್ತದೆ. ಹದಿಮೂರು ಅಡಿಯ ಹಾಯಿದೋಣಿ ಕೈಬದಲಾಗುವಾಗ ಇರುವುದು ಬಾಯಿಮಾತು, ಹೆಚ್ಚೆಂದರೆ ಬಿಳಿ ಹಾಳೆಯ ಮೇಲೊಂದು ಸಹಿ. 2021ರ ಒಳನಾಡು ಜಲಯಾನ ಕಾಯ್ದೆಯ ಸರ್ವೆ, ನೋಂದಣಿಯ ಕಟ್ಟುಪಾಡುಗಳೂ ಮುಖ್ಯವಾಗಿ ಯಂತ್ರದ ದೋಣಿಗಳನ್ನು ಕುರಿತವು. ಹಾಗಾಗಿ ಒಂದು ಬಗೆಯ ದೋಣಿ ಎಲ್ಲೆಲ್ಲಿ ಎಷ್ಟಿವೆ, ಯಾರದು, ಯಾವ ಸ್ಥಿತಿಯಲ್ಲಿವೆ ಎಂದು ಬರೆದಿಡುವವರು ಮಾಲೀಕರಲ್ಲದೆ ಬೇರೆ ಯಾರೂ ಇಲ್ಲ. ಎಂಟರ್‌ಪ್ರೈಸ್ ಎಂಬ ಬಗೆಯ ಹಾಯಿದೋಣಿಗಳ ಮಾಲೀಕರಾದ ನಾವು ಕರ್ನಾಟಕದಲ್ಲಿ ಸೇರಿ ಸಂಘ ಕಟ್ಟಿದ್ದು ಇದೇ ಕಾರಣಕ್ಕೆ. ಇಂಥದ್ದೇ ಕೆಲಸಕ್ಕೆ ಕೈಹಾಕುವವರಿಗೆ ನೆರವಾಗಲಿ ಎಂದು ಹೆಜ್ಜೆಗಳನ್ನೂ ಎಡವಿದ ಕಡೆಗಳನ್ನೂ ಬರೆದಿಡುತ್ತಿದ್ದೇವೆ.

ಎಂಟರ್‌ಪ್ರೈಸ್ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಿಟನ್ನಿನ ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ ದೋಣಿ ಇದು. ನ್ಯೂಸ್ ಕ್ರಾನಿಕಲ್ ಪತ್ರಿಕೆ ಬೆನ್ನಿಗೆ ನಿಂತಿತ್ತು. ಆ ವರ್ಷದ ಜನವರಿಯ ಚಳಿಯ ರಾತ್ರಿಯಲ್ಲಿ ಎರಡು ದೋಣಿಗಳನ್ನು ಇಂಗ್ಲಿಷ್ ಕಾಲುವೆ ದಾಟಿಸಿ ಜನರಿಗೆ ಪರಿಚಯಿಸಿದರು. ಉದ್ದ 4.04 ಮೀಟರ್, ಅಗಲ ಸುಮಾರು 1.6 ಮೀಟರ್. ಮೇನ್‌ಸೇಲ್ (ದೊಡ್ಡ ಹಾಯಿ) ಮತ್ತು ಜಿಬ್ (ಮುಂದಿನ ಚಿಕ್ಕ ಹಾಯಿ) ಸೇರಿ 10.5 ಚದರ ಮೀಟರ್ ಹಾಯಿ, ಸ್ಪಿನ್ನೇಕರ್ ಎಂಬ ಉಬ್ಬು ಹಾಯಿ ಇಲ್ಲ. ಇಬ್ಬರು ಸಾಕು. ನೀಲಿ ಹಾಯಿ ಇದರ ಗುರುತು. ಪ್ಲೈವುಡ್ ಹಾಳೆ ಕತ್ತರಿಸಿ ಮನೆಯಂಗಳದಲ್ಲೇ ಕಟ್ಟಬಹುದಾದ ಮೈಕಟ್ಟು, ಬದಿಗಳಲ್ಲಿ ಹಾಳೆಗಳು ಕೋನವಾಗಿ ಕೂಡುವ ಎರಡೆರಡು ಮಡಿಕೆ. ನಂತರ ಫೈಬರ್‌ಗ್ಲಾಸ್‌ನಲ್ಲೂ ಬಂತು. ಭಾರತದಲ್ಲಿ ಸೇನೆ ಮತ್ತು ನೌಕಾಪಡೆಯ ಕ್ಲಬ್ಬುಗಳ ಮೂಲಕ ಹರಡಿದ ದೋಣಿ. ಆ ಕ್ಲಬ್ಬುಗಳಿಂದ ಹೊರಬಿದ್ದವು ಕೈಯಿಂದ ಕೈಗೆ ದಾಟಿ, ಈಗ ಯಾರದೋ ತೋಟದ ಶೆಡ್ಡಿನಲ್ಲಿ ಮಗುಚಿ ಮಲಗಿರುತ್ತವೆ.

ಮೊದಲ ತಪ್ಪನ್ನು ಮೊದಲೇ ಹೇಳುತ್ತೇವೆ. ನಾವು ಬೈಲಾದಿಂದ ಶುರುಮಾಡಿದೆವು. ವಾಟ್ಸಾಪ್ ಗುಂಪಿನಲ್ಲಿ ಕರಡು ಓಡಾಡಿತು, ಅಧ್ಯಕ್ಷರ ಅವಧಿ ಎರಡು ವರ್ಷವೋ ಮೂರೋ ಎಂದು ಚರ್ಚೆ ನಡೆಯಿತು, ಮೂರು ತಿಂಗಳು ಕಳೆಯಿತು. ಅಷ್ಟರಲ್ಲಿ ಗುಂಪಿನಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿಗೆ ದೋಣಿಯೇ ಇಲ್ಲ, ಆಸಕ್ತಿ ಮಾತ್ರ ಇದೆ ಅನ್ನುವುದು ಗೊತ್ತಾಯಿತು. ಆಸಕ್ತರು ಬೇಕು, ಬೇಡವೆನ್ನುವುದಿಲ್ಲ. ಆದರೆ ಮಾಲೀಕರ ಸಂಘದ ನಿಯಮವನ್ನು ಎಷ್ಟು ಮಾಲೀಕರಿದ್ದಾರೆ ಅನ್ನುವುದೇ ತಿಳಿಯದೆ ಬರೆಯಲು ಕೂತರೆ ಅದು ಗಾಳಿಯಲ್ಲಿ ಗೋಪುರ. ಕರಡನ್ನು ಬದಿಗಿಟ್ಟು ದೋಣಿ ಎಣಿಸಲು ಹೊರಟ ಮೇಲೆಯೇ ಕೆಲಸ ಹಳಿಗೆ ಬಂದದ್ದು.

ಎಣಿಕೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದು ದೋಣಿಗೆ ಒಂದು ಸಾಲು. ಹಲ್ (ದೋಣಿಯ ಒಡಲು) ಮೇಲಿನ ನಂಬರು, ಹಾಯಿಯ ಮೇಲಿನ ನಂಬರು, ಮರವೋ ಫೈಬರೋ, ಕಟ್ಟಿದವರು, ಕಟ್ಟಿದ ವರ್ಷ, ಈಗಿನ ಮಾಲೀಕರು, ಅವರಿಗೆ ಕೊಟ್ಟವರು, ಇರುವ ಜಾಗ, ನೀರಿಗೆ ಇಳಿಯುವ ಸ್ಥಿತಿಯಿದೆಯೇ, ಏನು ಕಾಣೆಯಾಗಿದೆ. ಹಲ್ ನಂಬರು ಮತ್ತು ಹಾಯಿ ನಂಬರಿಗೆ ಬೇರೆ ಬೇರೆ ಕಾಲಂ ಇಡಲೇಬೇಕು. ನಾವು ಮೊದಲು ಒಂದೇ ಕಾಲಂ ಇಟ್ಟು, ಫೋನಿನಲ್ಲಿ ‘ನಿಮ್ಮ ದೋಣಿ ನಂಬರು ಎಷ್ಟು’ ಎಂದು ಕೇಳಿ ಬರೆದುಕೊಂಡೆವು. ಹೇಳಿದವರೆಲ್ಲ ಹಾಯಿಯ ಮೇಲಿನದನ್ನು ಓದಿ ಹೇಳಿದ್ದರು. ಹಾಯಿ ದೋಣಿಯಷ್ಟು ಕಾಲ ಬಾಳುವುದಿಲ್ಲ. ಹರಿದಾಗ ಬೇರೆ ದೋಣಿಯದನ್ನು ಏರಿಸುತ್ತಾರೆ, ಹೊರದೇಶದಿಂದ ಹಳೆಯದನ್ನು ತರಿಸುತ್ತಾರೆ, ನಂಬರು ಹಾಗೇ ಉಳಿಯುತ್ತದೆ. ಹೀಗಾಗಿ ಒಂದೇ ನಂಬರಿನ ಎರಡು ದೋಣಿಗಳು ಪಟ್ಟಿಗೆ ಬಂದವು, ಇಬ್ಬರು ಮಾಲೀಕರೂ ತಮ್ಮದೇ ಅಸಲಿ ಎಂದರು. ಹಲ್ ಮೇಲೆ ಕೆತ್ತಿದ್ದನ್ನು ನೋಡುವ ತನಕ ಆ ಗೊಂದಲ ಬಗೆಹರಿಯಲಿಲ್ಲ.

ಕೆತ್ತಿದ ನಂಬರು ಹುಡುಕುವುದಕ್ಕೂ ಒಂದು ಕ್ರಮವಿದೆ. ಮರದ ದೋಣಿಯಾದರೆ ಒಳಗಿನ ನಡುದಿಮ್ಮಿ, ಅಡ್ಡಹಲಗೆಯ ಹಿಂಬದಿ, ಸೆಂಟರ್‌ಬೋರ್ಡ್ (ನೀರಿಗೆ ಇಳಿಬಿಡುವ ನಡುಹಲಗೆ) ಪೆಟ್ಟಿಗೆಯ ಪಕ್ಕ, ಟ್ರಾನ್ಸಂನ (ದೋಣಿಯ ಹಿಂಗೋಡೆ) ಒಳಮೈ, ಇವಿಷ್ಟನ್ನೂ ನೋಡಬೇಕು. ನಾಲ್ಕೈದು ಪದರ ಬಣ್ಣ, ವಾರ್ನಿಷ್ ಕೂತಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗೆಂದು ಉಜ್ಜುಕಾಗದ ಹಿಡಿದು ತಿಕ್ಕಲು ಹೋಗಬೇಡಿ. ಆಳವಿಲ್ಲದ ಕೆತ್ತನೆ ಬಣ್ಣದ ಜೊತೆಗೇ ಹೊರಟುಹೋಗುತ್ತದೆ. ಕತ್ತಲಲ್ಲಿ ಟಾರ್ಚನ್ನು ಮರದ ಮೈಗೆ ಒರಗಿಸಿದಂತೆ ಹಿಡಿದು ಓರೆ ಬೆಳಕು ಬಿಡಿ. ಅಂಕಿಯ ಅಂಚುಗಳ ನೆರಳು ಎದ್ದುಬರುತ್ತದೆ. ಅದಕ್ಕೂ ಸಿಗದಿದ್ದರೆ ತೆಳು ಹಾಳೆ ಇಟ್ಟು ಮೆತ್ತನೆಯ ಪೆನ್ಸಿಲ್ ಆಡಿಸಬೇಕು, ಮಕ್ಕಳು ನಾಣ್ಯದ ಮೇಲೆ ಮಾಡುವಂತೆ. 3 ಮತ್ತು 8, 1 ಮತ್ತು 7 ಅದಲುಬದಲಾಗುವುದು ಹೆಚ್ಚು. ಆದ್ದರಿಂದ ಉಜ್ಜಿದ ಹಾಳೆಯನ್ನೇ ಫೋಟೋ ತೆಗೆದು ದಾಖಲೆಗೆ ಸೇರಿಸಿ, ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅಂಕಿ ಬರೆಯಬೇಕು. ಫೈಬರ್ ದೋಣಿಯಲ್ಲಿ ತಗಡಿನ ಬಿಲ್ಲೆ ಇರಬಹುದು, ರಿವೆಟ್ ಬಿಚ್ಚಿ ಹೋಗಿರಲೂಬಹುದು. ಏನೂ ಸಿಗದಿದ್ದರೆ ಆ ಕಾಲಂ ಖಾಲಿಯಿರಲಿ. ಅಂದಾಜಿನ ನಂಬರು ಬರೆದರೆ ಹತ್ತು ವರ್ಷದ ನಂತರ ಅದೇ ಸತ್ಯವಾಗಿಬಿಡುತ್ತದೆ.

ಮಾಲೀಕತ್ವದ ಬಗ್ಗೆ ಸಂಘ ತೀರ್ಪು ಕೊಡುವುದಿಲ್ಲ. ಪ್ರತಿ ಮಾಲೀಕರಿಂದ ಒಂದು ಪುಟದ ಘೋಷಣೆ ಪಡೆದೆವು: ದೋಣಿ ಯಾರಿಂದ, ಯಾವಾಗ ಬಂತು, ಈಗ ಯಾರ ವಶದಲ್ಲಿದೆ, ಜೊತೆಗೆ ನಾಲ್ಕು ಫೋಟೋ. ಜಗಳ ಎದ್ದರೆ ಆ ಸಾಲಿನ ಮುಂದೆ ‘ವಿವಾದವಿದೆ’ ಎಂದು ಬರೆದು ಇಬ್ಬರ ಹೇಳಿಕೆಯನ್ನೂ ಇಡುತ್ತೇವೆ. ಫೋನ್ ನಂಬರು, ವಿಳಾಸ ಇರುವ ಕಾಲಂಗಳು ದಾಖಲೆ ನೋಡಿಕೊಳ್ಳುವ ಇಬ್ಬರಿಗೆ ಮಾತ್ರ ಕಾಣುತ್ತವೆ. ಉಳಿದವರಿಗೆ ನಂಬರು, ಬಗೆ, ಊರು ಮಾತ್ರ.

ಪಟ್ಟಿ ಕೈಯಲ್ಲಿರುವಾಗ ಬೈಲಾ ಬರೆಯುವುದು ಸುಲಭ. ಅಲ್ಲೂ ಒಂದು ಗೆರೆ ಎಳೆದುಕೊಳ್ಳಬೇಕಾಯಿತು. ಎಂಟರ್‌ಪ್ರೈಸ್‌ನ ಅಳತೆಯ ನಿಯಮ ಬರೆಯುವ ಹಕ್ಕು ನಮ್ಮದಲ್ಲ. ಅದು ಆ ಕ್ಲಾಸಿನ, ಅಂದರೆ ಆ ದೋಣಿಬಗೆಯ, ಮೂಲ ಸಂಸ್ಥೆಯದು, ನಂಬರು ಕೊಡುವುದೂ ಅವರೇ. ಊರಿಗೊಂದು ಅಳತೆ ಬಂದರೆ ಅದು ಒಂದೇ ಬಗೆಯ ದೋಣಿ ಅನ್ನಿಸಿಕೊಳ್ಳುವುದಿಲ್ಲ. ಇಲ್ಲಿನ ಸಂಘ ಮಾಲೀಕರನ್ನು ಸೇರಿಸುತ್ತದೆ, ದಾಖಲೆ ಇಡುತ್ತದೆ, ಅಳೆಯಲು ಸಹಾಯ ಮಾಡುತ್ತದೆ, ಬಿಡಿಭಾಗ ಒಟ್ಟಾಗಿ ತರಿಸುತ್ತದೆ, ಅಷ್ಟೇ. ದೋಣಿಯ ಹೆಸರು, ಹಾಯಿಯ ಮೇಲಿನ ಚಿಹ್ನೆಯನ್ನು ಲೆಟರ್‌ಹೆಡ್ಡಿನಲ್ಲಿ ಬಳಸುವ ಮುನ್ನ ಬರವಣಿಗೆಯಲ್ಲಿ ಒಪ್ಪಿಗೆ ಕೇಳಿ. ಮೊದಲ ಕರಡಿನಲ್ಲಿ ಹಲ್‌ನ ತೂಕ, ಹಾಯಿಯ ಅಳತೆ ಎಲ್ಲವನ್ನೂ ಬೈಲಾದೊಳಗೇ ತುರುಕಿದ್ದೆವು. ಅದು ದೊಡ್ಡ ತೊಡಕು. ನೋಂದಾಯಿತ ಬೈಲಾದ ಒಂದು ಸಾಲು ಬದಲಿಸಬೇಕಾದರೂ ಸಾಮಾನ್ಯ ಸಭೆ, ನಿರ್ಣಯ, ನೋಂದಣಿ ಕಚೇರಿ ಎಲ್ಲ ಆಗಬೇಕು. ಅಳತೆಯ ನಿಯಮ ಆಗಾಗ ಬದಲಾಗುವಂಥದ್ದು. ಈಗ ಬೈಲಾದಲ್ಲಿ ಇರುವುದು ಒಂದೇ ವಾಕ್ಯ: ‘ಕ್ಲಾಸಿನ ಮೂಲ ಸಂಸ್ಥೆ ಆಯಾ ಕಾಲಕ್ಕೆ ಪ್ರಕಟಿಸಿದ ನಿಯಮಗಳು ಅನ್ವಯ.’

ಹೆಚ್ಚು ಹೊತ್ತು ಹಿಡಿದದ್ದು ಮತದ ಪ್ರಶ್ನೆ. ದೋಣಿಗೊಂದು ಮತವೋ, ಆಳಿಗೊಂದು ಮತವೋ? ದೋಣಿಗೊಂದು ಎಂದರೆ ಎಂಟು ದೋಣಿ ಇಟ್ಟುಕೊಂಡ ಒಂದು ಕ್ಲಬ್ಬು ಎಂಟು ಮಂದಿ ಒಂಟಿ ಮಾಲೀಕರಿಗೆ ಸಮವಾಗುತ್ತದೆ. ಆಳಿಗೊಂದು ಎಂದರೆ ಒಂದೇ ದೋಣಿಯ ಮನೆಯವರೆಲ್ಲ ಸದಸ್ಯರಾಗಿ ಬಂದು ಮತ ಹಾಕಬಹುದು. ಸೊಸೈಟಿಯಾಗಿ ನೋಂದಾಯಿಸುವುದಾದರೆ ಮತ ಇರುವುದು ಸದಸ್ಯನಿಗೆ, ದೋಣಿಗಲ್ಲ, ಅದನ್ನು ಮರೆಯುವಂತಿಲ್ಲ. ಕೊನೆಗೆ ಒಪ್ಪಿದ್ದು ಹೀಗೆ: ಪ್ರತಿ ದೋಣಿಗೆ ಒಬ್ಬರು ಮಾತ್ರ ಮತವಿರುವ ಸದಸ್ಯರು, ಸಂಸ್ಥೆಯೊಂದಕ್ಕೆ ಎಷ್ಟು ದೋಣಿ ಇದ್ದರೂ ಒಬ್ಬರೇ ಪ್ರತಿನಿಧಿ, ಒಂದೇ ಮತ, ಸಹನಾವಿಕರು, ಆಸಕ್ತರು ಮತವಿಲ್ಲದ ಸಹಸದಸ್ಯರು. ಕ್ಲಬ್ಬಿನವರಿಗೆ ಇದು ಕಹಿಯಾಗಿತ್ತು. ಆದರೂ ನಮ್ಮ ಅಭಿಪ್ರಾಯದಲ್ಲಿ ಇದೇ ಸರಿ, ಯಾಕೆಂದರೆ ಕ್ಲಬ್ಬು ಒಂದು ದಿನ ದೋಣಿಗಳನ್ನೆಲ್ಲ ಮಾರಿ ಬೇರೆ ಬಗೆಯದನ್ನು ಕೊಂಡುಬಿಡಬಹುದು. ಒಂಟಿ ಮಾಲೀಕ ತನ್ನ ದೋಣಿಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ನೋಂದಣಿಯ ಕೆಲಸ ಕಾಗದ ಸರಿಯಿದ್ದರೆ ಸಲೀಸು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಹದಿನೆಂಟು ತುಂಬಿದ ಏಳು ಮಂದಿ ಸಾಕು. ಸಂಘದ ಮೆಮೊರಾಂಡಂ, ನಿಯಮಾವಳಿ, ಆಡಳಿತ ಮಂಡಳಿಯ ಪಟ್ಟಿ, ಪ್ರತಿಯೊಬ್ಬರ ಗುರುತು ಮತ್ತು ವಿಳಾಸದ ಪುರಾವೆ, ಕಚೇರಿ ವಿಳಾಸದ ಮಾಲೀಕರ ಒಪ್ಪಿಗೆ ಪತ್ರ, ಇವು ಮುಖ್ಯ. ಉದ್ದೇಶಗಳಲ್ಲಿ ‘ಹಾಯಿದೋಣಿ ಕ್ರೀಡೆಯ ಉತ್ತೇಜನ’ ಎಂದು ಮೊದಲ ಸಾಲಿನಲ್ಲೇ ಇರಲಿ. ಬರೀ ‘ದೋಣಿ ಮಾಲೀಕರ ಹಿತರಕ್ಷಣೆ’ ಎಂದು ಬರೆದರೆ ಅದು ಬಾಡಿಗೆ ದೋಣಿ, ಮೀನುಗಾರಿಕೆ ದೋಣಿಯವರ ಸಂಘವೇ ಎಂಬ ಪ್ರಶ್ನೆ ಏಳುತ್ತದೆ, ನಮಗೂ ಎದ್ದಿತ್ತು. ಹೆಸರು ಮೂರು ಆಯ್ಕೆ ಇಟ್ಟುಕೊಂಡು ಹೋಗಿ. ‘ರಾಷ್ಟ್ರೀಯ’, ‘ರಾಜ್ಯ’ ಎಂಬ ಪದಗಳಿದ್ದರೆ ಸರ್ಕಾರದ ಸಂಸ್ಥೆ ಎಂಬ ಅರ್ಥ ಬರುವ ಕಾರಣ ಆಕ್ಷೇಪ ಬರಬಹುದು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪ್ಯಾನ್‌ನಲ್ಲಿ ಎರಡು, ಮೆಮೊರಾಂಡಂನಲ್ಲಿ ತಂದೆಯ ಪೂರ್ತಿ ಹೆಸರು, ಹೀಗಿದ್ದರೆ ಆ ಏಳು ಮಂದಿಯಲ್ಲಿ ಒಬ್ಬರ ಕಾಗದದಿಂದ ಇಡೀ ಅರ್ಜಿ ಹಿಂದಕ್ಕೆ ಬರುತ್ತದೆ. ಎಂಟು ಅಥವಾ ಒಂಬತ್ತು ಮಂದಿಯನ್ನು ಸೇರಿಸಿಕೊಂಡರೆ ಕೊನೇ ಗಳಿಗೆಯಲ್ಲಿ ಒಬ್ಬರು ಊರಲ್ಲಿಲ್ಲದಿದ್ದರೂ ತೊಂದರೆಯಾಗದು.

ಆಮೇಲೆ ಸಂಘದ ಹೆಸರಿನ ಪ್ಯಾನ್, ನಿರ್ಣಯದ ಪ್ರತಿ ಇಟ್ಟು ಬ್ಯಾಂಕ್ ಖಾತೆ, ಇಬ್ಬರ ಜಂಟಿ ಸಹಿ. ಇವು ಆಗುವ ತನಕ ಯಾರ ವೈಯಕ್ತಿಕ ಖಾತೆಗೂ ಚಂದಾ ತೆಗೆದುಕೊಳ್ಳಬೇಡಿ. ಒಳ್ಳೆಯ ಮನಸ್ಸಿನಿಂದ ಶುರುವಾದರೂ ಲೆಕ್ಕ ಬೇರ್ಪಡಿಸುವಾಗ ಸ್ನೇಹ ಕೆಡುತ್ತದೆ.

ಇನ್ನು ನಿಜವಾದ ಕೆಲಸ, ಅಳತೆಯ ದಿನ. ಕಾಗದದ ಮೇಲಿದ್ದ ಸಂಘಕ್ಕೆ ಜೀವ ಬಂದದ್ದು ಅಂದು. ನಮ್ಮ ಕಡೆಯ ಅಣೆಕಟ್ಟುಗಳ ಹಿನ್ನೀರಿನಲ್ಲಿ ಮುಂಗಾರಿನ ನಂತರ ನೀರು ಅಂಚಿಗೆ ಬರುತ್ತದೆ, ಬೇಸಿಗೆಯಲ್ಲಿ ದೂರ ಸರಿಯುತ್ತದೆ. ಕೆಆರ್‌ಎಸ್‌ನಲ್ಲಿ ಗರಿಷ್ಠ ಮಟ್ಟ 124.80 ಅಡಿ ಇದ್ದಾಗ ನೀರಿದ್ದ ಜಾಗದಲ್ಲಿ ಏಪ್ರಿಲ್ ಹೊತ್ತಿಗೆ ಒಡೆದ ಕೆಸರು. ದೋಣಿ ಇಳಿಸುವುದು ಕಷ್ಟವಾಗುವ ಆ ತಿಂಗಳುಗಳೇ ಅಳೆಯಲು ಸರಿಯಾದ ಕಾಲ: ದೋಣಿಗಳು ದಡದಲ್ಲಿರುತ್ತವೆ, ಒಣಗಿರುತ್ತವೆ.

ಹಲ್‌ನ ಕನಿಷ್ಠ ತೂಕ ಎಷ್ಟಿರಬೇಕೆಂದು ಕ್ಲಾಸಿನ ನಿಯಮದಲ್ಲಿದೆ. ತೂಗಲು 300 ಕಿಲೋ ತಾಳುವ ಡಿಜಿಟಲ್ ತೂಗುಕೊಕ್ಕೆ, 50 ಮಿಲಿಮೀಟರ್ ಅಗಲದ ಎರಡು ಪಟ್ಟಿ, ಎರಡೂ ಪಟ್ಟಿಗಳನ್ನು ಕೂಡಿಸುವ ಒಂದು ಬಳೆ, ಗಟ್ಟಿಯಾದ ಮುಕ್ಕಾಲಿ ಬೇಕು. ಕೊಕ್ಕೆಯ ಅಂಕಿಯನ್ನು ಹಾಗೇ ನಂಬಬಾರದು. ಖಾಲಿ ಕ್ಯಾನುಗಳನ್ನು ಮೊದಲು ತೂಗಿ, ಅಳತೆ ಪಾತ್ರೆಯಿಂದ ತಲಾ 20 ಲೀಟರ್ ನೀರು ತುಂಬಿ ಐದು ಕ್ಯಾನು ತೂಗುಹಾಕಿದರೆ ನೀರು 100 ಕಿಲೋ. ಅದಕ್ಕೆ ಕ್ಯಾನಿನ ತೂಕ ಸೇರಿಸಿ ಹೋಲಿಸಿ. ಮಾಸ್ಟ್ (ಹಾಯಿಕಂಬ), ಬೂಮ್ (ಹಾಯಿಯ ಬುಡದ ಅಡ್ಡಕಂಬ), ಹಾಯಿ, ರಡ್ಡರ್ (ಚುಕ್ಕಾಣಿ), ಸೆಂಟರ್‌ಬೋರ್ಡ್, ಮಗುಚಿದಾಗ ತೇಲಿಸುವ ಗಾಳಿಚೀಲ ಇವುಗಳಲ್ಲಿ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಅನ್ನುವುದನ್ನು ನಿಯಮದ ಹಾಳೆ ಎದುರಿಗಿಟ್ಟುಕೊಂಡೇ ನೋಡಬೇಕು, ನೆನಪಿನಿಂದಲ್ಲ. ಬೆಳಗ್ಗೆ ಎಂಟರೊಳಗೆ ತೂಗಿ ಮುಗಿಸಿ. ಗಾಳಿ ಎದ್ದ ಮೇಲೆ ತೂಗುಬಿಟ್ಟ ಹಲ್ ತಾನೇ ಹಾಯಿಯಂತಾಗುತ್ತದೆ, ಅಂಕಿ ನಿಲ್ಲುವುದಿಲ್ಲ.

ತೂಕದಲ್ಲಿ ಎರಡು ಮೋಸಗಳಿವೆ. ಒಂದು ನೀರು. ಬಣ್ಣ ಬಿರುಕುಬಿಟ್ಟ ಪ್ಲೈವುಡ್ ನೀರು ಕುಡಿಯುತ್ತದೆ. ಅಂಥ ದೋಣಿಯನ್ನು ನೆರಳಲ್ಲಿ, ಗಾಳಿಯಾಡುವಂತೆ ವಾರವಾದರೂ ಮಗುಚಿಟ್ಟು ಆಮೇಲೆ ತೂಗಬೇಕು. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ, ಜೊತೆಗೆ ಅಂಟೂ ಬಿಡುತ್ತದೆ. ಫೈಬರ್ ದೋಣಿಯ ಇಮ್ಮಡಿ ನೆಲದೊಳಗೆ ನೀರು ಕೂತಿರುತ್ತದೆ. ತಪಾಸಣೆ ಮುಚ್ಚಳ ತೆಗೆದು, ಮೂತಿ ಎತ್ತಿ, ಸ್ಪಂಜಿನಿಂದ ಹೀರಬೇಕು.

ಇನ್ನೊಂದು ಮೋಸ ರಿಪೇರಿಯದು, ನಮ್ಮಲ್ಲಿ ಇದೇ ಹೆಚ್ಚು. ಹೊರದೇಶದಲ್ಲಿ ಇಂಥ ದೋಣಿಗೆ ಬಳಸುವ ಒಕುಮೆ ಪ್ಲೈವುಡ್ ಹಗುರ. ಇಲ್ಲಿ ಅಂಗಡಿಯಲ್ಲಿ ಸಿಗುವ ಐಎಸ್ 710 ಮುದ್ರೆಯ ಮರೈನ್ ಪ್ಲೈ ಸಾಮಾನ್ಯವಾಗಿ ಗುರ್ಜನ್‌ನಂಥ ಭಾರದ ಮರದ್ದು. 8×4 ಅಡಿಯ 6 ಮಿಲಿಮೀಟರ್ ಹಾಳೆಯ ಲೆಕ್ಕ ಹಾಕಿ: ಘನ ಮೀಟರಿಗೆ 500 ಕಿಲೋ ಇದ್ದರೆ ಹಾಳೆ ಸುಮಾರು 9 ಕಿಲೋ, 750 ಇದ್ದರೆ 13 ಕಿಲೋಗೂ ಮೇಲೆ. ಹಾಳೆಗೆ ನಾಲ್ಕು ಕಿಲೋ ಹೆಚ್ಚು. ಅದರ ಮೇಲೆ ಬಡಗಿ ‘ಗಟ್ಟಿಯಿರಲಿ’ ಎಂದು ಎರಡು ಪದರ ಗ್ಲಾಸ್‌ಮ್ಯಾಟ್ ಹಾಸಿ ರೆಸಿನ್ ಸುರಿದರೆ ಇನ್ನೂ ಹತ್ತು ಕಿಲೋ ಹೋಯಿತು. ದೋಣಿ ಗಟ್ಟಿಯೇ ಆಗುತ್ತದೆ. ಮೆಲುಗಾಳಿಯಲ್ಲಿ ಮಾತ್ರ ಅಲುಗುವುದಿಲ್ಲ. ತೂಕ ಕಡಿಮೆ ಬಂದ ದೋಣಿಗೆ ಸೀಸದ ತುಂಡು ಕಟ್ಟಿ ಸರಿಪಡಿಸಬಹುದು, ಹೆಚ್ಚಾದದ್ದನ್ನು ಇಳಿಸುವುದು ಬಹಳ ಕಷ್ಟ. ಹಾಗಾಗಿ ರಿಪೇರಿಗೆ ಬಿಡುವ ಮೊದಲು ಮತ್ತು ಬಂದ ಮೇಲೆ ಎರಡು ಸಲ ತೂಗುವುದನ್ನು ಸಂಘ ರೂಢಿ ಮಾಡಿದೆ. ಎರಡು ಅಂಕಿ ಪಕ್ಕಪಕ್ಕ ಬರೆದು ತೋರಿಸಿದರೆ ಬಡಗಿಗೂ ಅರ್ಥವಾಗುತ್ತದೆ.

ಹಾಯಿ ಅಳೆಯಲು ಬಟ್ಟೆಯ ಟೇಪು ಬೇಡ, ಉಕ್ಕಿನದೇ ಬೇಕು. ಹಾಯಿಯನ್ನು ಸಾಪಾಟು ನೆಲದ ಮೇಲೆ ಹಾಸಿ, ಅಳೆಯುವ ಗೆರೆಯಗುಂಟ ಸುಕ್ಕು ಹೋಗುವಷ್ಟು ಮಾತ್ರ ಎಳೆಯಿರಿ. ಸಿಮೆಂಟ್ ನೆಲಕ್ಕೆ ಮೊದಲು ಚಾಪೆಯೋ ಟಾರ್ಪಾಲಿನ್ನೋ ಹಾಸದಿದ್ದರೆ ಒಂದೇ ದಿನದಲ್ಲಿ ಹೊಲಿಗೆಗಳು ಉಜ್ಜಿಹೋಗುತ್ತವೆ. ಗಾಳಿಚೀಲಗಳನ್ನು ಬೆಳಗ್ಗೆಯೇ ಊದಿ ನೆರಳಲ್ಲಿಟ್ಟರೆ ಮಧ್ಯಾಹ್ನಕ್ಕೆ ಸೋರುವುದು ಯಾವುದು ಎಂದು ತಾನೇ ತಿಳಿಯುತ್ತದೆ. ಸೋರುವ ಚೀಲದ ದೋಣಿಯನ್ನು ಅಂದೇ ‘ನೀರಿಗಿಳಿಸುವಂತಿಲ್ಲ’ ಎಂದು ಗುರುತು ಮಾಡಿದೆವು. ತೂಕ, ಹಾಯಿಯ ವಿಷಯದಲ್ಲಿ ಹಳೆಯ ದೋಣಿಗಳಿಗೆ ಎರಡು ವರ್ಷದ ಗಡುವು ಕೊಟ್ಟಿದ್ದೇವೆ. ತೇಲುವ ವಿಷಯದಲ್ಲಿ ಗಡುವು ಇಲ್ಲ: ಮಗುಚಿದ ದೋಣಿ ಇಬ್ಬರನ್ನು ಹೊತ್ತು ತೇಲಲೇಬೇಕು. ಯಾರೂ ತಮ್ಮ ದೋಣಿಯನ್ನು ತಾವೇ ಅಳೆಯುವಂತಿಲ್ಲ. ಅಳೆದವರು, ಬರೆದುಕೊಂಡವರು, ಮಾಲೀಕರು, ಮೂವರ ಸಹಿ ಹಾಳೆಯ ಮೇಲಿರಬೇಕು.

ಚಂದಾ ವರ್ಷಕ್ಕೆ ದೋಣಿಯೊಂದಕ್ಕೆ ಸಾವಿರ ರೂಪಾಯಿ. ಮೊದಲ ಖರ್ಚು ತೂಗುಕೊಕ್ಕೆ ಮತ್ತು ಟೇಪಿನದು. ಆಮೇಲೆ ಒಟ್ಟಾಗಿ ತರಿಸಿದ ರಡ್ಡರ್ ಪಿನ್, ಅದರ ಬಳೆ, 5 ಮಿಲಿಮೀಟರ್ ಹಗ್ಗ. ಸಿಹಿನೀರಿನಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸಾಕು. ಮಂಗಳೂರು, ಕಾರವಾರದ ಕಡೆ ಉಪ್ಪುನೀರಿಗೆ ಒಯ್ಯುವವರು 316 ಕೇಳಿ ತರಿಸಿಕೊಳ್ಳಬೇಕು. ಇಂಚಿನ ಲೆಕ್ಕದ ಹಳೆ ಪಿನ್ನಿಗೂ ಮಿಲಿಮೀಟರಿನ ಹೊಸ ಬಳೆಗೂ ಹೊಂದುವುದಿಲ್ಲ. ಜೋಡಿಯಾಗಿಯೇ ಬದಲಿಸಿ.

ವಾರ್ಷಿಕ ಸಭೆಯಾದ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಣ್ಣ ಸಂಘಗಳು ಸೊರಗುವುದು ಹೆಚ್ಚಾಗಿ ಇಲ್ಲೇ. ದೋಣಿ ನಡೆಸುವ ಉತ್ಸಾಹದಲ್ಲಿ ಕಾಗದ ಮರೆಯುತ್ತದೆ, ವರ್ಷಗಳ ಬಾಕಿ ದಂಡದ ಜೊತೆ ಬಂದು ಕೂರುತ್ತದೆ. ಕಾರ್ಯದರ್ಶಿಗೆ ಇದೊಂದನ್ನು ಬಿಟ್ಟು ಬೇರೆ ಕೆಲಸ ಹೊರಿಸಿಲ್ಲ.

ಪಟ್ಟಿಯಲ್ಲಿ ಮೂರು ದೋಣಿಗಳ ಹಲ್ ನಂಬರಿನ ಕಾಲಂ ಇನ್ನೂ ಖಾಲಿಯಿದೆ. ನಿಮ್ಮ ಊರಿನ ಕೆರೆ, ಹಿನ್ನೀರಿನ ಹತ್ತಿರ, ಯಾರದಾದರೂ ಶೆಡ್ಡಿನಲ್ಲಿ ಬದಿಗೆ ಎರಡು ಮಡಿಕೆ ಇರುವ, ಸುಮಾರು ನಾಲ್ಕು ಮೀಟರಿನ ದೋಣಿ ಕಂಡರೆ, ಪಕ್ಕದಲ್ಲಿ ಮಾಸಿದ ನೀಲಿ ಹಾಯಿ ಸುತ್ತಿಟ್ಟಿದ್ದರೆ, ಮಾಲೀಕರ ಒಪ್ಪಿಗೆ ಪಡೆದು ಅಡ್ಡಹಲಗೆಯ ಹಿಂಬದಿಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಅಂಕಿ ಕಂಡರೆ ಹಾಳೆಯಿಟ್ಟು ಉಜ್ಜಿಕೊಳ್ಳಿ.